ಹಳೆಯ ಪ್ರಾಸೆಸರ್, ಹೊಸ ಆಟ



ಕೃಷ್ಣೆಯ ದಡದ ತಿಂಥಣಿಯನ್ನು ನಾಡಿನ ಜನ ಮೌನೇಶ್ವರನ ಕ್ಷೇತ್ರವೆಂದು ಬಲ್ಲರು. ಕಬ್ಬಿಣ, ಮರ, ಕಲ್ಲುಗಳ ಕಸುಬಿನ ವಿಶ್ವಕರ್ಮರಿಗೆ ಅದು ಗುರುಸ್ಥಾನ. ಕುಲುಮೆಯ ಮುಂದೆ ಕುಳಿತವನಿಗೆ ಕಬ್ಬಿಣವನ್ನು ಎಷ್ಟು ಕಾಯಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿರಲೇಬೇಕು. ಇಂದು ನಾವು ಮಾತನಾಡಲಿರುವುದೂ ಒಂದು ಬಗೆಯ ಕಾಯಿಸುವಿಕೆಯ ಬಗ್ಗೆಯೇ.

ನಿಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರೊಂದು ಇದೆಯೆಂದುಕೊಳ್ಳಿ. ಒಳಗೆ 2011ರ ಇಂಟೆಲ್ ಕೋರ್ ಐ3-2100 ಪ್ರಾಸೆಸರ್. ಹೊಸ ಆಟ ಹಾಕಿದರೆ ಚಿತ್ರ ತಡವರಿಸುತ್ತದೆ. ಆಗ ಗೆಳೆಯನೊಬ್ಬ, 'ಓವರ್‌ಕ್ಲಾಕ್ ಮಾಡು, ವೇಗ ತಾನಾಗಿ ಬರುತ್ತದೆ' ಎನ್ನುತ್ತಾನೆ. ಅರ್ಜಿ ತುಂಬುವುದೂ ಪಾಠ ಓದುವುದೂ ಅದೇ ಯಂತ್ರದಲ್ಲಿ. ಅದು ಕೆಟ್ಟರೆ ಇನ್ನೊಂದನ್ನು ಕೊಡಿಸೆಂದು ಅಪ್ಪನನ್ನು ಕೇಳುವುದು ಸುಲಭವಲ್ಲ. ಆದ್ದರಿಂದ ಕೈಹಾಕುವ ಮುನ್ನ ಸ್ವಲ್ಪ ಲೆಕ್ಕ ಮಾಡೋಣ.

ಪ್ರಾಸೆಸರಿನ ವೇಗ ಒಂದು ಗುಣಾಕಾರ. ಮೂಲ ಗಡಿಯಾರ 100 ಮೆಗಾಹರ್ಟ್ಸ್, ಗುಣಕ 31. ಗುಣಿಸಿದರೆ 3100 ಮೆಗಾಹರ್ಟ್ಸ್, ಅಂದರೆ 3.1 ಗಿಗಾಹರ್ಟ್ಸ್. ಎರಡರಲ್ಲೊಂದನ್ನು ತಯಾರಕರು ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಸೆಲೆರಾನ್ 300ಎ ಇದಕ್ಕೆ ಹೆಸರಾಂತ ಉದಾಹರಣೆ. ಅದರ ಗುಣಕ 4.5, ಮೂಲ ಗಡಿಯಾರ 66. ಗಡಿಯಾರವನ್ನು 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸಿನ ಅಗ್ಗದ ಚಿಪ್ಪು 450ರಲ್ಲಿ ಓಡುತ್ತಿತ್ತು! ಆ ಕಾಲದ ಹುಡುಗರು ಇದನ್ನು ಹಬ್ಬದಂತೆ ಕೊಂಡಾಡಿದರು.

ಐ3-2100ರಲ್ಲಿ ಆ ಹಬ್ಬವಿಲ್ಲ. ಅದರ ಗುಣಕಕ್ಕೆ ಬೀಗ ಹಾಕಿದ್ದಾರೆ. ಮೂಲ ಗಡಿಯಾರವನ್ನು ಏರಿಸೋಣವೆಂದರೆ ಹಾರ್ಡ್ ಡಿಸ್ಕಿನ ಸಂಪರ್ಕವೂ ಗ್ರಾಫಿಕ್ಸ್ ಕಾರ್ಡಿನ ಸಂಪರ್ಕವೂ ಅದಕ್ಕೇ ಕಟ್ಟುಬಿದ್ದಿವೆ. ನೂರಕ್ಕೆ ನಾಲ್ಕೈದು ಏರಿಸುವಷ್ಟರಲ್ಲಿ ಯಂತ್ರ ಮುಗ್ಗರಿಸುತ್ತದೆ. ಆ ಪೀಳಿಗೆಯಲ್ಲಿ ಬೀಗ ತೆರೆದಿರುವುದು ಐ5-2500ಕೆ ಯಂತಹ, ಹೆಸರಿನ ಕೊನೆಗೆ 'ಕೆ' ಇರುವ ಚಿಪ್ಪುಗಳಿಗೆ. ಅವಕ್ಕೂ ಪಿ67 ಅಥವಾ ಜ಼ಡ್77ರಂತಹ ಮದರ್‌ಬೋರ್ಡ್ ಬೇಕು.

ನಿಮ್ಮಲ್ಲಿ ಅಂಥ ಚಿಪ್ಪೇ ಇದೆ ಎನ್ನೋಣ. ಈಗ ಬಿಸಿಲಿನ ಮಾತು. ಪ್ರಾಸೆಸರ್ ಹೊರಸೂಸುವ ಶಾಖ ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ವೇಗ ಶೇಕಡಾ 10, ಅದನ್ನು ತಾಳಿಕೊಳ್ಳಲು ವೋಲ್ಟೇಜ್ ಶೇಕಡಾ 10 ಹೆಚ್ಚಿಸಿದಿರಿ. 1.1ನ್ನು ಮೂರು ಬಾರಿ ಗುಣಿಸಿ: 1.33. ಶಾಖ ಮೂರನೆಯ ಒಂದು ಪಾಲು ಹೆಚ್ಚಿತು. ಆಟದಲ್ಲಿ ಸಿಕ್ಕಿದ್ದೆಷ್ಟು? ಸೆಕೆಂಡಿಗೆ 40 ಚಿತ್ರಗಳಿದ್ದಲ್ಲಿ ಹೆಚ್ಚೆಂದರೆ 44.

25 ಡಿಗ್ರಿಯ ಕೋಣೆಯಲ್ಲಿ ಚಿಪ್ಪು 70 ಡಿಗ್ರಿಗೆ ಬರುತ್ತಿತ್ತೆನ್ನಿ. ಕೋಣೆಗಿಂತ 45 ಹೆಚ್ಚು. ಶಾಖ ಹೆಚ್ಚಿದ ಮೇಲೆ ಅದು 60 ಹೆಚ್ಚು, ಅಂದರೆ 85. ಬೆಂಗಳೂರಿನಲ್ಲಿ ಇದು ನಡೆದೀತು. ತಿಂಥಣಿಯಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಅಪರೂಪವೇನಲ್ಲ. 42ಕ್ಕೆ 60 ಕೂಡಿಸಿ: 102. ಸುಮಾರು 100ರ ಹತ್ತಿರ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಕಷ್ಟಪಟ್ಟು ಏರಿಸಿದ್ದು ಇಲ್ಲಿಗೆ ಕರಗಿಹೋಯಿತು.

ಹಾಗಾದರೆ ಏನು ಮಾಡಬೇಕು? ಮೊದಲು ದೋಷ ಎಲ್ಲಿದೆ ನೋಡಿ. ಆಟದ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿ. ಓಟ ಹಗುರವಾದರೆ ಅಡ್ಡಿ ಗ್ರಾಫಿಕ್ಸ್ ಕಾರ್ಡಿನದು. ಏನೂ ಬದಲಾಗದಿದ್ದರೆ ಪ್ರಾಸೆಸರಿನದು ಎಂದು ಬಹುಮಟ್ಟಿಗೆ ಹೇಳಬಹುದು. ಆಮೇಲೆ ವಿದ್ಯುತ್ ತೆಗೆದು, ಡಬ್ಬಿ ಬಿಚ್ಚಿ. ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಕುಳಿತಿರುತ್ತದೆ. ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಒಣಗಿದ ಥರ್ಮಲ್ ಪೇಸ್ಟನ್ನು ತೆಗೆದು ತೊಗರಿ ಕಾಳಿನಷ್ಟು ಹೊಸದನ್ನು ಇಡಿ. ಬಿಸಿಯಿಂದ ಬಳಲುತ್ತಿದ್ದ ಯಂತ್ರ ಎಷ್ಟೋ ಸಲ ಇಷ್ಟಕ್ಕೇ ಚೇತರಿಸಿಕೊಳ್ಳುತ್ತದೆ.

ಅಷ್ಟಕ್ಕೂ ಸಾಲದಿದ್ದರೆ ಪ್ರಾಸೆಸರನ್ನೇ ಬದಲಿಸುವ ದಾರಿಯಿದೆ. ಐ3-2100 ಕೂರುವ 1155 ಸಾಕೆಟ್ಟಿನಲ್ಲೇ 2012ರ ಐ7-3770 ಕೂರುತ್ತದೆ. ಎರಡು ಕೋರಿನ ಜಾಗದಲ್ಲಿ ನಾಲ್ಕು, ನಾಲ್ಕು ಎಳೆಯ ಜಾಗದಲ್ಲಿ ಎಂಟು. ಶಾಖದ ಅಂದಾಜು 65 ವಾಟಿನಿಂದ 77ಕ್ಕೆ ಏರುತ್ತದೆ, ಅಷ್ಟೆ. ಬೋರ್ಡು, ರ‍್ಯಾಮ್ ಹಳೆಯವೇ. ಬಳಸಿದ ಚಿಪ್ಪು ಕೊಳ್ಳುವ ಮುನ್ನ ಬೋರ್ಡಿನ ಬಯೋಸ್ ಆ ಚಿಪ್ಪನ್ನು ಗುರುತಿಸುತ್ತದೆಯೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿ. ಹಳೆಯ ಪ್ರಾಸೆಸರ್ ಇರುವಾಗಲೇ ಬಯೋಸ್ ಹೊಸದು ಮಾಡಿ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡೇ ಸತ್ತೀತು, ಯುಪಿಎಸ್ ಇಲ್ಲದೆ ಮುಟ್ಟಬೇಡಿ.

ಒಂದು ಮಾತನ್ನು ಮುಚ್ಚಿಡಲಾರೆ. ಈ ಪೀಳಿಗೆಯ ಚಿಪ್ಪುಗಳಲ್ಲಿ 2013ರಲ್ಲಿ ಬಂದ ಎವಿಎಕ್ಸ್2 ಎಂಬ ಆದೇಶಗಳಿಲ್ಲ. ಅವನ್ನು ಬೇಡುವ ಕೆಲವು ಹೊಸ ಆಟಗಳು ತೆರೆದುಕೊಳ್ಳುವುದೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಈ ಚಿಪ್ಪುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆದ್ದರಿಂದ ಇದಕ್ಕೆ ಸುರಿಯುವ ಹಣ ಚಿಕ್ಕದಾಗಿರಲಿ.

ಹೊಸ ಚಿಪ್ಪು ಹಾಕಿದ ದಿನ ಪರೀಕ್ಷೆಗೆ ತಂಪು ರಾತ್ರಿಯನ್ನು ಆರಿಸಬೇಡಿ. ಮಧ್ಯಾಹ್ನ ಎರಡು ಗಂಟೆಗೆ, ಕಿಟಕಿಯಿಂದ ಬಿಸಿಗಾಳಿ ನುಗ್ಗುವಾಗ, ಒಂದು ತಾಸು ಆಟ ಓಡಿಸಿ. ತಾಪಮಾನದ ಅಂಕಿಯನ್ನು ಹತ್ತು ನಿಮಿಷಕ್ಕೊಮ್ಮೆ ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ.