ಒಲೆಯಲ್ಲೇ ಉಳಿದ ಬ್ರೆಡ್ಡು

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪಾಂಪೆಯಿ ಪಟ್ಟಣ ಬೂದಿಯಡಿ ಹೂತುಹೋಯಿತು. ನೆರೆಯ ಹರ್ಕ್ಯುಲೇನಿಯಂ ಕೂಡ. ಅಲ್ಲಿನ ಭಿತ್ತಿಚಿತ್ರ, ಅಮೃತಶಿಲೆಯ ಮಾತು ಎಲ್ಲರೂ ಆಡುತ್ತಾರೆ. ನನಗೆ ನೆನಪಾಗುವುದು ಮಾತ್ರ ಬ್ರೆಡ್ಡು.

1862ರಲ್ಲಿ ಪಾಂಪೆಯಿಯ ಬೇಕರಿಯೊಂದರ ಒಲೆ ತೆರೆದರೆ ಒಳಗೆ 81 ಬ್ರೆಡ್ಡುಗಳು! ಸುಟ್ಟು ಇದ್ದಿಲಾಗಿದ್ದವು, ಆಕಾರ ಮಾತ್ರ ಕೆಟ್ಟಿರಲಿಲ್ಲ. ದುಂಡಗೆ, ಮುರಿದು ಹಂಚಿಕೊಳ್ಳಲು ಹೋಳು ಹೋಳಾಗಿ ಗೆರೆ. ಬೇಯಲು ಇಟ್ಟವರು ತೆಗೆಯಲು ಬರಲಿಲ್ಲ.

ಹರ್ಕ್ಯುಲೇನಿಯಂ ಮೇಲೆ ಸುಡುವ ಅನಿಲ, ಬೂದಿಯ ಹೊಳೆಯೇ ನುಗ್ಗಿತು. ಗಾಳಿಯಾಡದ ಆ ಕಾವಿನಲ್ಲಿ ಮರ, ಕಾಳು, ಹಣ್ಣು ಉರಿದುಹೋಗದೆ ಇದ್ದಿಲಾಗಿ ನಿಂತವು. ಅಲ್ಲಿ ಸಿಕ್ಕ ಬ್ರೆಡ್ಡೊಂದರ ಮೇಲೆ ಮುದ್ರೆಯೇ ಇದೆ: ಕ್ವಿಂಟಸ್ ಗ್ರಾನಿಯಸ್ ವೆರಸ್‌ನ ಗುಲಾಮ ಸೆಲೆರ್‌ನದು ಎಂದು. ಹತ್ತು ಮನೆಯ ಹಿಟ್ಟು ಬೇಯುವ ಒಲೆಯಲ್ಲಿ ಅದಲುಬದಲಾಗದಿರಲಿ ಅಂತ ಒತ್ತಿದ್ದಿರಬೇಕು. ಮದುವೆಮನೆಗೆ ಕಳಿಸುವ ಸ್ಟೀಲು ಪಾತ್ರೆಗೆ ನಮ್ಮಮ್ಮ ಹೆಸರು ಕೊರೆಸುತ್ತಿದ್ದರಲ್ಲ, ಹಾಗೆ.

ಸೆಲೆರ್ ಅದನ್ನು ತಿನ್ನಲಿಲ್ಲ. ಆ ಬ್ರೆಡ್ಡು ಈಗ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಹೆಸರು ಇನ್ನೂ ಓದಲು ಬರುತ್ತದೆ.