ಹ್ಯೂಯೆನ್ ತ್ಸಾಂಗ್ ಹೊರಟ ಊರಲ್ಲಿ ಒಂದು ದಿನ, ಒಬ್ಬಳೇ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿರೋ ನಿಮ್ಮನ್ನ ಇವತ್ತು ಚೀನಾದ ಶಿಯಾನ್‌ಗೆ ಕರ್ಕೊಂಡು ಹೋಗ್ತೀನಿ. ಸುಮಾರು 1.3 ಕೋಟಿ ಜನ ಇರೋ ನಗರ. ಬೀಜಿಂಗ್, ಶಾಂಘೈ ಕೇಳಿದಷ್ಟು ಈ ಹೆಸರನ್ನ ನಾವು ಕೇಳಿರಲ್ಲ. ಆದ್ರೆ ಹೈಸ್ಕೂಲ್ ಇತಿಹಾಸದಲ್ಲಿ ಹ್ಯೂಯೆನ್ ತ್ಸಾಂಗ್ ಅನ್ನೋ ಯಾತ್ರಿಕನ ಬಗ್ಗೆ ಓದಿದೀವಲ್ಲ, ಅವನು ಭಾರತಕ್ಕೆ ಹೊರಟಿದ್ದು ಈ ಊರಿಂದಲೇ. ಆಗ ಇದು ತಾಂಗ್ ಸಾಮ್ರಾಜ್ಯದ ರಾಜಧಾನಿ, ಹೆಸರು ಚಾಂಗ್‌ಆನ್.

"ಚೀನಾನಾ? ಅದೂ ಒಬ್ಬಳೇನಾ?" ಟಿಕೆಟ್ ಬುಕ್ ಮಾಡಿದೀನಿ ಅಂದಾಗ ಅಮ್ಮ ಕೇಳಿದ್ದು ಇಷ್ಟೇ. ಕೇಳೋದು ಸಹಜ. 2020ರ ಗಲ್ವಾನ್ ಘರ್ಷಣೆ ಆದ್ಮೇಲೆ ನಮಗೆ ಚೀನಾ ಅಂದ್ರೆ ಗಡಿಯ ಸುದ್ದಿ ಮತ್ತು ಬ್ಯಾನ್ ಆದ ಆ್ಯಪ್‌ಗಳು. ನೇರ ವಿಮಾನಗಳು ಮತ್ತೆ ಶುರುವಾಗಿದ್ದೇ 2025ರ ಅಕ್ಟೋಬರ್‌ನಲ್ಲಿ. ಹೋಗಿ ನೋಡಿದವರು ಕಡಿಮೆ, ಅಭಿಪ್ರಾಯ ಮಾತ್ರ ಎಲ್ಲರ ಹತ್ರಾನೂ ಇದೆ.

ಮೊದಲು ಕೆಲಸದ ಮಾತು. ಅಲ್ಲಿ ನಮ್ಮ ಯುಪಿಐ ನಡೆಯಲ್ಲ. ಎಲ್ಲ ಕಡೆ ಅಲಿಪೇ, ವಿಚಾಟ್ ಪೇ. ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನ ಅಲಿಪೇಗೆ ಇಲ್ಲಿಂದಲೇ ಜೋಡಿಸಿಕೊಂಡು ಹೋಗಿ. ಅಲ್ಲಿನ ಇಂಟರ್ನೆಟ್‌ನಲ್ಲಿ ಗೂಗಲ್, ವಾಟ್ಸ್ಆ್ಯಪ್ ತೆರೆಯಲ್ಲ. ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿಕೊಂಡಿದ್ರೆ ಸಾಮಾನ್ಯವಾಗಿ ನಡೆಯುತ್ತೆ. ಟಿಕೆಟ್‌ಗೆಲ್ಲ ಪಾಸ್‌ಪೋರ್ಟ್ ಬೇಕು. ಪವರ್‌ಬ್ಯಾಂಕ್ ಮರೀಬೇಡಿ, ಫೋನ್ ಸತ್ತರೆ ದುಡ್ಡು, ದಾರಿ, ಮಾತು ಮೂರೂ ಹೋದಂತೆ.

ಬೆಳಿಗ್ಗೆ ಏಳಕ್ಕೆ ಹೊರಟೆ. ಊರಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಣ್ಣಿನ ಸೈನಿಕರು, ಅಂದ್ರೆ ಟೆರ್ರಾಕೋಟಾ ಆರ್ಮಿ ಇದೆ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು. ಚೀನಾವನ್ನ ಕ್ರಿ.ಪೂ. 221ರಲ್ಲಿ ಒಂದುಗೂಡಿಸಿದ ಚಿನ್ ಶಿ ಹ್ವಾಂಗ್ ತನ್ನ ಸಮಾಧಿ ಕಾಯೋಕೆ ಮಾಡಿಸಿದ ಸೈನ್ಯ. 8,000ದಷ್ಟು ಮೂರ್ತಿಗಳಿವೆ ಅನ್ನೋ ಅಂದಾಜು, ಹೆಚ್ಚಿನವು ಇನ್ನೂ ಮಣ್ಣೊಳಗೇ ಇವೆ. ಮೊದಲನೇ ಗುಂಡಿ ಒಂದರ ಉದ್ದವೇ 230 ಮೀಟರ್. ಜನಜಂಗುಳಿ ಹೇಗಿತ್ತು ಅಂದ್ರೆ, ನಮ್ಮ ಜಾತ್ರೆಯ ತೇರಿನ ಮುಂದೆ ನಿಂತ ಹಾಗೆ. ಮುಂದಿನ ಸಾಲಿಗೆ ಬರೋಕೆ ಇಪ್ಪತ್ತು ನಿಮಿಷ ಬೇಕಾಯ್ತು. ಬಂದ ಮೇಲೆ ಒಂದೊಂದೇ ಮುಖ ನೋಡ್ತಾ ನಿಂತೆ. ಒಬ್ಬನಿಗೆ ಮೀಸೆ, ಇನ್ನೊಬ್ಬನ ಜುಟ್ಟು ಓರೆ.

ಮಧ್ಯಾಹ್ನ ವಾಪಸ್ ಬಂದು ಡ್ರಮ್ ಟವರ್ ಹಿಂದಿನ ಮುಸ್ಲಿಂ ಕ್ವಾರ್ಟರ್‌ಗೆ ಹೋದೆ. ಅಲ್ಲಿನ ದೊಡ್ಡ ಮಸೀದಿಗೆ ಗುಮ್ಮಟ ಇಲ್ಲ. ಅಂಗಳದ ಮೇಲೆ ಅಂಗಳ, ಹೆಂಚಿನ ಮಾಡು, ಥೇಟ್ ಚೀನೀ ದೇವಸ್ಥಾನದ ಹಾಗೆ. ಹೊರಗೆ ಒಂದು ಸಣ್ಣ ಹೋಟೆಲ್‌ನಲ್ಲಿ "ವೊ ಚಿ ಸು" ಅಂದೆ, ಅಂದ್ರೆ "ನಾನು ಸಸ್ಯಾಹಾರಿ". ಬ್ಯಾಂಗ್‌ಬ್ಯಾಂಗ್ ನೂಡಲ್ಸ್ ಬಂತು. ಬೆಲ್ಟಿನಷ್ಟು ಅಗಲದ ನೂಡಲ್, ಮೇಲೆ ಮೆಣಸಿನಪುಡಿ, ಅದರ ಮೇಲೆ ಕಾದ ಎಣ್ಣೆ. ನಮ್ಮ ಖಾರದ ನಾಲಿಗೆಗೆ ಚೆನ್ನಾಗಿ ಒಗ್ಗುತ್ತೆ.

ಹೋಟೆಲ್ ನಡೆಸೋ ಆಂಟಿ ನನ್ನ ನೋಡಿ "ಯಿಂದು?" ಅಂದ್ರು. ಯಿಂದು ಅಂದ್ರೆ ಭಾರತ. ಹೌದು ಅಂತ ತಲೆ ಆಡಿಸಿದೆ. ಅವರು ಫೋನ್ ತೆಗೆದು ಅನುವಾದದ ಆ್ಯಪ್‌ನಲ್ಲಿ ಏನೋ ಹೇಳಿ ಸ್ಕ್ರೀನ್ ನನ್ನ ಕಡೆ ತಿರುಗಿಸಿದ್ರು: "ನಿಮ್ಮ ದೇಶದಲ್ಲಿ ಹೆಣ್ಮಕ್ಕಳು ಒಬ್ಬರೇ ಓಡಾಡಿದ್ರೆ ಅಪಾಯ ಅಂತೆ, ನಿಜವಾ?"

ಅಮ್ಮ ಕೇಳಿದ್ದೂ ಇದನ್ನೇ ಅಲ್ವಾ, ದಿಕ್ಕು ಮಾತ್ರ ಬೇರೆ! ನನಗೆ ಅವರ ದೇಶ ಹೇಗೆ ಫೋನ್‌ನಲ್ಲಿ ಗೊತ್ತೋ, ಅವರಿಗೆ ನನ್ನ ದೇಶವೂ ಹಾಗೇ. "ಇಲ್ಲಪ್ಪ, ಎಲ್ಲ ಸುಳ್ಳು" ಅನ್ನಬಹುದಿತ್ತು. ದೇಶದ ಮಾನದ ಪ್ರಶ್ನೆ ಅನ್ನಿಸ್ತು. ಆದ್ರೆ ರಾತ್ರಿ ಕ್ಯಾಬ್‌ನಲ್ಲಿ ಕೂತು ಲೊಕೇಶನ್ ಶೇರ್ ಮಾಡೋದು ನಾನೇ ಅಲ್ವಾ? "ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ. ನಮ್ಮೂರಲ್ಲಿ ಗುರುತಿಲ್ಲದವರೂ ಮನೆ ತನಕ ಬಿಟ್ಟು ಬರ್ತಾರೆ" ಅಂತ ಟೈಪ್ ಮಾಡಿದೆ. ಅವರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಬಟ್ಟಲಿಗೆ ಇನ್ನಷ್ಟು ನೂಡಲ್ಸ್ ಹಾಕಿದ್ರು.

ಸಂಜೆ ಕೋಟೆ ಗೋಡೆ ಹತ್ತಿದೆ. 14ನೇ ಶತಮಾನದ ಮಿಂಗ್ ಕಾಲದ್ದು, ಸುಮಾರು 14 ಕಿಲೋಮೀಟರ್ ಸುತ್ತಳತೆ, 12 ಮೀಟರ್ ಎತ್ತರ. ಮೇಲೆ ಬಾಡಿಗೆ ಸೈಕಲ್ ಸಿಗುತ್ತೆ. ಒಂದು ಬದಿ ಹಳೇ ಊರಿನ ಮಾಡುಗಳು, ಇನ್ನೊಂದು ಬದಿ ಗಾಜಿನ ಕಟ್ಟಡಗಳು.

ಕತ್ತಲಾದ ಮೇಲೆ ಬಿಗ್ ವೈಲ್ಡ್ ಗೂಸ್ ಪಗೋಡಾ. ಏಳು ಅಂತಸ್ತು, 64 ಮೀಟರ್. ಮುಂದೆ ಹ್ಯೂಯೆನ್ ತ್ಸಾಂಗ್‌ನ ಪ್ರತಿಮೆ ಇದೆ. ಚೀನೀಯರು ಶ್ವೆನ್‌ಜಾಂಗ್ ಅಂತಾರೆ. ದೇಶ ಬಿಟ್ಟು ಹೋಗಬಾರದು ಅನ್ನೋ ಆಜ್ಞೆ ಮೀರಿ ಹೊರಟವನು, 645ರಲ್ಲಿ 657 ಗ್ರಂಥಗಳ ಜೊತೆ ವಾಪಸ್ ಬಂದ. ಅವನ್ನ ಇಡೋಕೆ ಅಂತಲೇ 652ರಲ್ಲಿ ಕಟ್ಟಿದ ಗೋಪುರ ಇದು. ಆಂಟಿ ಹೇಳಿದ ಆ "ಯಿಂದು" ಪದ ಇದೆಯಲ್ಲ, ನಮ್ಮ ದೇಶಕ್ಕೆ ಬೇರೆ ಬೇರೆ ಹೆಸರು ಹೇಳ್ತಿದ್ದ ಕಾಲದಲ್ಲಿ ಅದೇ ಸರಿಯಾದದ್ದು ಅಂತ ತನ್ನ ಪುಸ್ತಕದಲ್ಲಿ ಬರೆದವನು ಇವನೇ.

ನಮಗೆ ಇವನು ಯಾಕೆ ಮುಖ್ಯ ಗೊತ್ತಾ? ಇಮ್ಮಡಿ ಪುಲಕೇಶಿ ಹರ್ಷನನ್ನ ತಡೆದ ಅಂತ ಐಹೊಳೆ ಶಾಸನದಲ್ಲಿದೆ. ಆದ್ರೆ ಅದನ್ನ ಬರೆದ ರವಿಕೀರ್ತಿ ಪುಲಕೇಶಿಯ ಆಸ್ಥಾನದವನು, ಹೊಗಳದೇ ಇರ್ತಾನಾ? ಶ್ವೆನ್‌ಜಾಂಗ್ ಹರ್ಷನ ಅತಿಥಿಯಾಗಿದ್ದವನು. ಅವನೂ ಪುಲಕೇಶಿಯ ನಾಡಿಗೆ ಬಂದು, ಇಲ್ಲಿನವರು ಹರ್ಷನಿಗೆ ಮಣಿಯಲಿಲ್ಲ ಅಂತಲೇ ಬರೆದ. ಭಾರತದಲ್ಲಿ ದರೋಡೆಕೋರರ ಕೈಗೆ ಸಿಕ್ಕಿದ್ದ, ಆದ್ರೂ ಇಲ್ಲಿಯ ಜನ ಪ್ರಾಮಾಣಿಕರು ಅಂತ ಬರೆದ. 1,300 ವರ್ಷ ಆದ್ಮೇಲೂ ಅವನ ಮಾತಿಗೆ ಬೆಲೆ ಇರೋದು ಇದಕ್ಕೇ.

ಹಾಗಾಗಿ ನಾನೂ ನೋಡಿದ್ದಷ್ಟೇ ಹೇಳ್ತೀನಿ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ನಡೆದು ರೂಮಿಗೆ ಬಂದೆ, ಭಯ ಆಗಲಿಲ್ಲ. ಮೂಲೆಮೂಲೆಗೂ ಕ್ಯಾಮೆರಾ, ಮೆಟ್ರೋ ಹತ್ತಿದಾಗೆಲ್ಲ ಬ್ಯಾಗ್ ತಪಾಸಣೆ. ಅದರಿಂದ ಧೈರ್ಯವೂ ಬಂತು, ಯಾರೋ ಸದಾ ನೋಡ್ತಿದ್ದಾರೆ ಅನ್ನೋ ಕಸಿವಿಸಿಯೂ ಆಯ್ತು. ಗಡಿ ವಿಷಯದಲ್ಲಿ ಯಾರು ಸರಿ ಅಂತ ಒಂದು ದಿನದ ತಿರುಗಾಟ ಹೇಳಲ್ಲ. ಆದ್ರೆ ಆ ಆಂಟಿಗೆ ಈಗ ಭಾರತದವಳೊಬ್ಬಳು ಗೊತ್ತು, ನನಗೆ ಶಿಯಾನ್‌ನವರೊಬ್ಬರು ಗೊತ್ತು.

ಮನೆಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು, "ಊಟ ಆಯ್ತಾ?" ಆಯ್ತಮ್ಮ, ಎರಡು ಸಲ ಬಡಿಸಿದ್ರು ಅಂದೆ.

ನೀವು ಹೋಗಿ ಬಂದಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳಿಸೋಣ. ಸಿಗೋಣ, ನಮಸ್ಕಾರ.