ಕಾಲುವೆ ಬಂತು, ಬದುಕಿನ ಮಟ್ಟ ಏರಿತೇ?



ಭತ್ತದ ರಾಶಿ ಮುಗಿದು, ಹತ್ತಿ ಬಿಡಿಸುವ ಕೆಲಸ ಇನ್ನೂ ನಡೆದಿರುವ ಕಾಲ ಇದು. ಒಕ್ಕಲಿಗನ ಕೈಯಲ್ಲಿ ನಾಲ್ಕು ಕಾಸು ಆಡುವುದು ಈಗಲೇ. ಆದ್ದರಿಂದ ಇಂದು ಬೀಜ, ಗೊಬ್ಬರದ ಮಾತು ತುಸು ಬದಿಗಿಟ್ಟು, ನಮ್ಮ ಬದುಕಿನ ಮಟ್ಟದ ವಿಚಾರ ಮಾತಾಡೋಣ ಎಂದುಕೊಂಡಿದ್ದೇನೆ.

ನಮ್ಮ ಯಾದಗಿರಿ ಸೀಮೆಯ ಹಿರಿಯರನ್ನು ಕೇಳಿ ನೋಡಿರಿ. ಮಳೆ ಕೈಕೊಟ್ಟ ವರ್ಷ ಬಾಗಿಲಿಗೆ ಬೀಗ ಜಡಿದು, ಮುದುಕರನ್ನು ಮನೆ ಕಾಯಲು ಬಿಟ್ಟು, ಊರಿಗೆ ಊರೇ ಗುಳೆ ಹೋಗುತ್ತಿದ್ದ ಕಥೆ ಹೇಳುತ್ತಾರೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಅಲ್ಲಿಂದ ಮುಂದೆ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಎರೆ ಹೊಲಗಳಿಗೆ ಹರಿಯತೊಡಗಿತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲದಲ್ಲಿ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ಮಣ್ಣಿನ ಮೇಲ್ಮುದ್ದೆ ಹೋಗಿ ಆರ್.ಸಿ.ಸಿ. ಬಂತು. ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿತು. ಇದೆಲ್ಲ ಕಣ್ಣಿಗೆ ಕಾಣುವ ಏಳಿಗೆ, ಅಲ್ಲವೆನ್ನುವಂತಿಲ್ಲ.

ಆದರೆ ಇನ್ನೊಂದು ಲೆಕ್ಕವೂ ಇದೆ. ಪ್ರಾದೇಶಿಕ ಅಸಮತೋಲನದ ವಿಚಾರಕ್ಕೆ ಸರಕಾರ ನೇಮಿಸಿದ್ದ ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ಕಾಲುವೆಯ ಅಣೆಕಟ್ಟು ಮುಗಿದು 20 ವರ್ಷ ಆಗಿತ್ತು. ಹಾಗಿದ್ದೂ ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕುಗಳು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದ್ದವು. 2009ರ ಡಿಸೆಂಬರದಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ನೂರಕ್ಕೆ 52 ಮಂದಿಗೂ ಪೂರ್ತಿ ಅಕ್ಷರ ಬರುತ್ತಿರಲಿಲ್ಲ. ಇಡೀ ರಾಜ್ಯದಲ್ಲಿ ಅದೇ ಎಲ್ಲಕ್ಕಿಂತ ಕಡಿಮೆ. ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 41. 2018ರಲ್ಲಿ ಕೇಂದ್ರ ಸರಕಾರ ದೇಶದ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ವಿಶೇಷ ಗಮನ ಕೊಡಲು ಹೊರಟಾಗ, ನಮ್ಮ ರಾಜ್ಯದಿಂದ ಅದರಲ್ಲಿ ಸೇರಿದವು ಎರಡೇ: ರಾಯಚೂರು ಮತ್ತು ಯಾದಗಿರಿ.

ನೀರು ಬಂದರೂ, ದುಡ್ಡು ಬಂದರೂ ಹೀಗೇಕೆ ಆಯಿತು? ಈ ಪ್ರಶ್ನೆಗೆ ಉತ್ತರದ ಒಂದು ಎಳೆ ನನಗೆ ಸಿಕ್ಕಿದ್ದು ಕಚೇರಿಯಲ್ಲಲ್ಲ. ಶಹಾಪುರ ಶಾಖಾ ಕಾಲುವೆಯ ಕೆಳಗಿನ ಒಂದು ಊರಿನಲ್ಲಿ, ಒಂದು ಮನೆಯ ಕಟ್ಟೆಯ ಮೇಲೆ.

ಬೆಳೆಯ ಲೆಕ್ಕ ಬರೆದುಕೊಳ್ಳಲು ಹೋಗಿದ್ದೆ. ಮನೆಯ ಯಜಮಾನರು ವಯಸ್ಸಾದವರು. ಚಹಾ ಕೊಡಿಸಿ ಹೇಳಿದರು: “ಸಾಹೇಬ್ರ, ನಮ್ಮಪ್ಪನ ಕಾಲಕ್ಕ ಈ ಮನ್ಯಾಗ ಒಂದ ಕಂದೀಲು ಇತ್ತು. ಈಗ ಟಿ.ವಿ. ಅದ, ಮೋಟರ್ ಸೈಕಲ್ ಅದ, ಎಲ್ಲಾ ಅದ. ಆದ್ರ ಸಾಲ ಆಗೂ ಇತ್ತು, ಈಗೂ ಅದ ನೋಡ್ರಿ.”

ನಾನು ನಕ್ಕು ಎಕರೆ, ಕ್ವಿಂಟಲ್ ಬರೆದುಕೊಳ್ಳುತ್ತಿದ್ದೆ. ಒಳಗಿನಿಂದ ಸೊಸೆಯ ಮಾತು ಕೇಳಿಸಿತು: “ಹತ್ತಿ ಎಷ್ಟು ಬಂತು ಅಂತ ಬರ್ಕೊಳ್ತೀರಿ. ಆ ಹತ್ತಿ ಬಿಡಸಾಕ ನನ್ನ ಮಗಳು ಎಂಟನೇತ್ತಕ್ಕ ಶಾಲಿ ಬಿಟ್ಟಾಳ. ಅದನ್ನ ಎಲ್ಲಿ ಬರ್ಕೊಳ್ತೀರಿ ಅಣ್ಣಾರ?”

ನನ್ನ ರಿಜಿಸ್ಟರಿನಲ್ಲಿ ಅದಕ್ಕೆ ಮನೆಯೇ ಇರಲಿಲ್ಲ. ಡಿಪ್ಲೊಮಾ ಓದಿ, ಹತ್ತಾರು ವರ್ಷ ಹಳ್ಳಿ ತಿರುಗಿದ ನನಗೆ ಆ ಪ್ರಶ್ನೆ ಕೇಳಬೇಕೆಂದು ಅಂದಿನವರೆಗೆ ತೋಚಿರಲಿಲ್ಲ. ತಲೆ ತಗ್ಗಿಸಿ ಬಂದೆ.

ಆ ತಾಯಿ ಕೇಳಿದ ಮಾತನ್ನೇ ದೊಡ್ಡ ವಿದ್ವಾಂಸರೂ ಕೇಳಿದ್ದಾರೆ. ಒಂದು ದೇಶ ಮುಂದುವರಿಯಿತೇ ಎಂದು ತಿಳಿಯಲು ಹಣವೊಂದನ್ನೇ ಎಣಿಸಿದರೆ ಸಾಲದೆಂದು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ವಾದಿಸಿದರು. ನಮ್ಮ ಅಮರ್ತ್ಯ ಸೇನ್ ಅವರೊಡನೆ ಕೈಜೋಡಿಸಿದರು. 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದಿಂದ ಮೊದಲ ಮಾನವ ಅಭಿವೃದ್ಧಿ ವರದಿ ಹೊರಬಿತ್ತು. ಅದರ ಅಳತೆಗೋಲು ಮೂರು: ಜನ ಎಷ್ಟು ವರ್ಷ ಬಾಳುತ್ತಾರೆ, ಎಷ್ಟು ಓದಿದ್ದಾರೆ, ಎಷ್ಟು ಗಳಿಸುತ್ತಾರೆ. ಮೂರೂ ಸೇರಿದರೆ ಬದುಕಿನ ಮಟ್ಟ. ಕಾಲುವೆ ನಮಗೆ ಮೂರನೆಯದನ್ನು ಕೊಟ್ಟಿತು. ಉಳಿದ ಎರಡು ತಾವಾಗಿ ಬರುವುದಿಲ್ಲ. ಅವನ್ನು ಮನೆಯವರೇ ತರಬೇಕು.

ಹಾಗಾದರೆ ಮಾಡುವುದೇನು? ಹಿಂದೆ ಕಣದಲ್ಲಿ ರಾಶಿ ಪೂಜೆಯಾದ ಮೇಲೆ ಕಾಳನ್ನು ನೇರ ಮನೆಗೆ ಒಯ್ಯುತ್ತಿರಲಿಲ್ಲ. ಆಯಗಾರರ ಪಾಲನ್ನು ಅಲ್ಲೇ ಅಳೆದು ಕೊಡುತ್ತಿದ್ದರು. ಉಳಿದದ್ದು ಮನೆಗೆ. ಇಂದಿನ ರಾಶಿಯ ಹಣಕ್ಕೂ ಇದೇ ಪದ್ಧತಿ ಇಟ್ಟುಕೊಳ್ಳಿರಿ. ಅಂಗಡಿಯವನ ಬಾಕಿ, ಮದುವೆ, ಜಾತ್ರೆ, ಹೊಸ ಗಾಡಿ ಎಂದು ಕೈ ಹಾಕುವ ಮೊದಲೇ ಮೂರು ಪಾಲು ತೆಗೆದಿಡಿರಿ.

ಮೊದಲ ಪಾಲು ಭೂಮಿತಾಯಿಗೆ. ಕೃಷ್ಣಾ ಮೇಲ್ದಂಡೆಯ ನೀರು ಬಹುಮಟ್ಟಿಗೆ ಅರೆ ನೀರಾವರಿ ಬೆಳೆಗೆಂದು ಲೆಕ್ಕ ಹಾಕಿದ್ದು. ಮೇಲಿನವರು ಹೊಲ ತುಂಬ ನೀರು ನಿಲ್ಲಿಸಿ ಭತ್ತ ಹಚ್ಚಿದರೆ ಎರಡು ಕೇಡು. ಕಾಲುವೆಯ ಕೊನೆಯ ಊರಿಗೆ ನೀರು ಮುಟ್ಟುವುದಿಲ್ಲ; ತಗ್ಗಿನ ಎರೆ ಹೊಲ ಸವಳು-ಜವಳಾಗುತ್ತದೆ. ನೆಲದ ಮೇಲೆ ಬೆಳ್ಳಗೆ ಉಪ್ಪು ಕಂಡಿತೆಂದರೆ ತಡ ಮಾಡಬೇಡಿರಿ. ಮಣ್ಣನ್ನು ರೈತ ಸಂಪರ್ಕ ಕೇಂದ್ರಕ್ಕೋ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟು ಪರೀಕ್ಷೆ ಮಾಡಿಸಿರಿ. ಬಸಿಗಾಲುವೆ ತೋಡಿ ನೀರು ಹೊರಬಿಡಿರಿ. ಇದು ನೆರೆಹೊರೆಯವರು ಕೂಡಿ ಮಾಡುವ ಕೆಲಸ. ಸೆಣಬು ಇಲ್ಲವೆ ಡಯಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಲ್ಲಿ ಸೇರಿಸಿರಿ. ಜಿಪ್ಸಂ ಎಲ್ಲ ನೆಲಕ್ಕೂ ಬೇಡ. ಪರೀಕ್ಷೆಯಲ್ಲಿ ಹೇಳಿದರಷ್ಟೇ ಹಾಕಿರಿ. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಕೊಡೇಕಲ್ಲಿನಲ್ಲಿ ಎಡದಂಡೆ ಕಾಲುವೆಯ ಆಧುನೀಕರಣ ಕಾಮಗಾರಿಯನ್ನು ಉದ್ಘಾಟಿಸಿದರು. ಗೇಟು ಹೊಸದಾಯಿತು, ಸರಿ. ಆದರೆ ಗೇಟಿನಿಂದಾಚೆ ನೀರನ್ನು ಹದವಾಗಿ ಬಳಸುವವರು ನಾವೇ.

ಎರಡನೆಯ ಪಾಲು ತಾಟಿಗೆ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಲೆ ಉಂಡ ಮೈ ನಮ್ಮದು. ಇಂದು ಬಹಳ ಮನೆಗಳಲ್ಲಿ ಎರಡು ಹೊತ್ತೂ ಬಿಳಿ ಅನ್ನ. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ನಮ್ಮ ಜೋಳ, ಸಜ್ಜೆ ಅದರಲ್ಲಿ ಸೇರಿವೆ. ಲೋಕವೇ ಹೊಗಳುವಾಗ ನಾವು ಬಿಡುವುದು ತರವೇ? ಒಂದೆಕರೆಯಾದರೂ ಮನೆಯ ಊಟಕ್ಕೆಂದು ಜೋಳ ಬಿತ್ತಿರಿ, ದನಕ್ಕೆ ಕಣಿಕೆಯೂ ಆಯಿತು. ಬಚ್ಚಲ ನೀರು ಹೋಗುವ ಕಡೆ ಒಂದು ನುಗ್ಗೆ ಗಿಡ ನೆಡಿರಿ. ಮನೆಯ ಹೆಣ್ಣುಮಕ್ಕಳು ಕೊನೆಗೆ ಉಂಡು, ಉಳಿದದ್ದು ಉಣ್ಣುವ ರೂಢಿ ಬಿಡಿಸಿರಿ. ರಕ್ತ ಕಡಿಮೆಯಾದ ತಾಯಿಗೆ ಗಟ್ಟಿ ಕೂಸು ಹುಟ್ಟುವುದು ಕಷ್ಟ.

ಮೂರನೆಯ ಪಾಲು ಮಗಳ ಓದಿಗೆ. ಇದನ್ನು ಬೇಕೆಂದೇ ಕೊನೆಗೆ ಹೇಳುತ್ತಿದ್ದೇನೆ, ಮನೆಗೆ ಹೋದ ಮೇಲೆ ನೆನಪಿನಲ್ಲಿ ಉಳಿಯಲೆಂದು. ಹತ್ತಿ ಬಿಡಿಸಲು ಕೂಲಿ ಸಿಗುವುದಿಲ್ಲ, ಆಳಿನ ಖರ್ಚು ಉಳಿಯುತ್ತದೆ ಎನ್ನುತ್ತೀರಿ. ನಿಮ್ಮ ತೊಂದರೆ ನನಗೆ ಗೊತ್ತು. ಆದರೆ ಲೆಕ್ಕ ಹಾಕಿರಿ: ಒಂದು ಹಂಗಾಮಿನ ಕೂಲಿ ಉಳಿಸಲು ಹುಡುಗಿಯ ಇಡೀ ಬಾಳಿನ ಓದು ಕೊಟ್ಟಂತಾಯಿತು. ಬೀಜದ ಜೋಳವನ್ನು ಬೀಸಿ ರೊಟ್ಟಿ ಬಡಿದಂತೆ ಇದು. ಆಳಿನ ಕೂಲಿಯನ್ನು ಗೊಬ್ಬರದ ಖರ್ಚಿನಂತೆ ಮೊದಲೇ ಬೆಳೆಯ ಲೆಕ್ಕಕ್ಕೆ ಹಿಡಿಯಿರಿ. ಮುಯ್ಯಾಳು ಪದ್ಧತಿ ಇನ್ನೂ ಇರುವ ಊರುಗಳಲ್ಲಿ ಅದನ್ನು ಬಳಸಿರಿ. ಊರಿನ ಶಾಲೆ ಮುಗಿಯಿತೆಂದು ಓದು ನಿಲ್ಲಿಸಬೇಡಿರಿ. 2023ರ ಜೂನಿನಿಂದ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚಿಲ್ಲದ ಪ್ರಯಾಣ ಶುರುವಾಗಿದೆ. ಪೇಟೆಯ ಪ್ರೌಢಶಾಲೆಗೆ ಹೋಗಿಬರಲು ಅದು ನೆರವಾಗಲಿ.

ಆ ಮನೆಯ ಕಥೆ ಏನಾಯಿತು ಎಂದು ಕೇಳುವಿರಿ. ಮುಂದಿನ ಜೂನ್ ತಿಂಗಳಲ್ಲಿ ಆ ಕಡೆ ಹೋದಾಗ ಯಜಮಾನರು ಅದೇ ಕಟ್ಟೆಯ ಮೇಲೆ ಕೂತಿದ್ದರು. ನಾನು ಕೇಳುವ ಮೊದಲೇ ಅವರೇ ಹೇಳಿದರು: “ಮೊಮ್ಮಗಳನ್ನ ನಾನ ಕರ್ಕೊಂಡು ಹೋಗಿ ಮತ್ತ ಶಾಲಿಗೆ ಹಚ್ಚಿ ಬಂದೀನ್ರಿ. ಒಂದು ವರ್ಷ ಹಿಂದ ಬಿದ್ದಾಳ. ಬೀಳಲಿ, ಮಳಿ ತಡ ಆದ್ರ ನಾವು ಬಿತ್ತೂದು ಬಿಡ್ತೀವೇನು?”

ನನ್ನ ರಿಜಿಸ್ಟರಿನಲ್ಲಿ ಈಗಲೂ ಅದಕ್ಕೆ ಮನೆ ಇಲ್ಲ. ಆದರೆ ಎಕರೆ, ಕ್ವಿಂಟಲ್ ಕೇಳಿದ ಮೇಲೆ ಪ್ರತಿ ಮನೆಯಲ್ಲೂ ಇನ್ನೊಂದು ಮಾತು ಕೇಳುತ್ತೇನೆ: “ಮಕ್ಕಳು ಎಷ್ಟನೇತ್ತ ಓದ್ತಾರ?” ನಿಮ್ಮ ಮನೆಗೂ ಬರುತ್ತೇನೆ. ಉತ್ತರ ಸಿದ್ಧವಾಗಿ ಇಟ್ಟುಕೊಂಡಿರಿ.